ಲೀನಿಯರ್ ರೆಗ್ಯುಲೇಟರ್‌ನ ಎರರ್ ಆಂಪ್ಲಿಫೈಯರ್ ಮತ್ತು ಕಾಂಪೆನ್ಸೇಶನ್: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆ ಪಂಪ್‌ಸೆಟ್ಟಿನ ಆಟೋ ಸ್ಟಾರ್ಟರ್, ಡ್ರಿಪ್ ಟೈಮರ್, ಮಗ್ಗದ ಕೌಂಟರ್ ಬೋರ್ಡು ಮಾಡುವವರು, ಅವನ್ನು ರಿಪೇರಿ ಮಾಡುವವರು, ಡಿಪ್ಲೊಮಾ ಮತ್ತು ಬಿ.ಇ. ಪ್ರಾಜೆಕ್ಟಿಗೆ ಪವರ್ ಸಪ್ಲೈ ಕಟ್ಟುವ ಹುಡುಗರು ಕೇಳುವ ಪ್ರಶ್ನೆಗಳಿವು. ಪ್ರಶ್ನೆಗಳನ್ನು ಕೇಳಿದ ಮಾತಿನಲ್ಲೇ ಇಟ್ಟಿದೆ.

ರೆಗ್ಯುಲೇಟರ್ ಒಳಗ ಎರರ್ ಆಂಪ್ಲಿಫೈಯರ್ ಮಾಡೋ ಕೆಲಸಾ ಏನು?

ಒಳಗಿರುವುದು ನಾಲ್ಕೇ ಸಾಮಾನು: ಅಲುಗಾಡದ ಒಂದು ರೆಫರೆನ್ಸ್ ವೋಲ್ಟೇಜ್, ಔಟ್‌ಪುಟ್ಟನ್ನು ಭಾಗ ಮಾಡಿ ತೋರಿಸುವ ಎರಡು ರೆಸಿಸ್ಟರ್ (ಡಿವೈಡರ್), ಲೋಡಿನ ಕರೆಂಟು ಹೊರುವ ಪಾಸ್ ಟ್ರಾನ್ಸಿಸ್ಟರ್, ಮತ್ತು ಇವುಗಳ ನಡುವೆ ಎರರ್ ಆಂಪ್ಲಿಫೈಯರ್. ಅದು ರೆಫರೆನ್ಸನ್ನೂ ಭಾಗ ಮಾಡಿ ಬಂದ ಔಟ್‌ಪುಟ್ಟನ್ನೂ ಹೋಲಿಸಿ, ವ್ಯತ್ಯಾಸವನ್ನು ಹಿಗ್ಗಿಸಿ, ಪಾಸ್ ಟ್ರಾನ್ಸಿಸ್ಟರನ್ನು ಎಷ್ಟು ತೆರೆಯಬೇಕು ಎಂದು ಹೇಳುತ್ತದೆ.

ಲೆಕ್ಕ ನೋಡಿ. ಔಟ್‌ಪುಟ್ 5 ವೋಲ್ಟ್, ರೆಫರೆನ್ಸ್ 2.5 ವೋಲ್ಟ್. ಅಂದರೆ ಔಟ್‌ಪುಟ್‌ನ ಅರ್ಧ ಮಾತ್ರ ವಾಪಸ್ ಬರುತ್ತದೆ. ಆಂಪ್ಲಿಫೈಯರ್ ಗೇನ್ 1000 ಇದ್ದರೆ ಸುತ್ತಿನ ಒಟ್ಟು ಗೇನ್, ಅಂದರೆ ಲೂಪ್ ಗೇನ್, 500. ಉಳಿಯುವ ತಪ್ಪು ಸುಮಾರು 500ರಲ್ಲಿ ಒಂದು ಪಾಲು, 10 ಮಿಲಿವೋಲ್ಟ್. ಅದೇ ಗೇನ್ ಬರೀ 10 ಇದ್ದರೆ ಲೂಪ್ ಗೇನ್ 5, ತಪ್ಪು ಆರರಲ್ಲಿ ಒಂದು ಪಾಲು: 5 ವೋಲ್ಟಿನ ಸಪ್ಲೈ 4.17ಕ್ಕೆ ನಿಂತುಬಿಡುತ್ತದೆ.

ಗೇನ್ ಹೆಚ್ಚಿದ್ದಷ್ಟೂ ಚಲೋ ಅಂದ್ರ, ಔಟ್‌ಪುಟ್ ಯಾಕ ಕುಣೀತದ?

ಸುದ್ದಿ ತಡವಾಗಿ ಮುಟ್ಟುವುದರಿಂದ. ಆಲಮಟ್ಟಿ ಕಾಲುವೆಯ ತುದಿಯ ಹೊಲದಲ್ಲಿ ನೀರು ಸಣ್ಣದಾಯಿತು ಎಂದು ಫೋನು ಬರುತ್ತದೆ, ಇಲ್ಲಿ ಗೇಟು ಎತ್ತುತ್ತಾರೆ ಎನ್ನಿ. ನೀರು ಅಲ್ಲಿಗೆ ಮುಟ್ಟುವಷ್ಟರಲ್ಲಿ ಮತ್ತೆರಡು ಫೋನು, ಗೇಟು ಮತ್ತಷ್ಟು ಮೇಲೆ. ಕೊನೆಗೆ ನೀರೆಲ್ಲ ಒಮ್ಮೆಲೇ ಹೋಗಿ ಹೊಲ ಮುಳುಗುತ್ತದೆ, ಗೇಟು ಪೂರ್ತಿ ಇಳಿಸುತ್ತಾರೆ, ಮತ್ತೆ ಒಣಗುತ್ತದೆ. ಗೇಟಿನವನ ತಪ್ಪು ಇಷ್ಟೇ: ತಡ ಎಷ್ಟಿದೆಯೋ ಅದಕ್ಕೆ ತಕ್ಕಷ್ಟು ನಿಧಾನ ಮಾಡಲಿಲ್ಲ.

ರೆಗ್ಯುಲೇಟರ್‌ನಲ್ಲಿ ಈ ತಡವನ್ನು ಡಿಗ್ರಿಯಲ್ಲಿ ಅಳೆಯುತ್ತಾರೆ. ಸುತ್ತಿನಲ್ಲಿ ಎಲ್ಲಿ ರೋಧವೂ ಕೆಪಾಸಿಟೆನ್ಸೂ ಕೂಡಿ ಸಿಗ್ನಲನ್ನು ತಗ್ಗಿಸುತ್ತವೆಯೋ ಅಲ್ಲೊಂದು ಪೋಲ್ ಇರುತ್ತದೆ. ಒಂದು ಪೋಲ್ ಹೆಚ್ಚೆಂದರೆ 90 ಡಿಗ್ರಿ ತಡ ಮಾಡುತ್ತದೆ. ಎರಡು ಸೇರಿದರೆ 180ರ ಹತ್ತಿರ. 180 ತುಂಬಿದ ಫ್ರೀಕ್ವೆನ್ಸಿಯಲ್ಲಿ ಲೂಪ್ ಗೇನ್ ಇನ್ನೂ 1 ಅಥವಾ ಹೆಚ್ಚಿದ್ದರೆ ತಿದ್ದುವ ಫೀಡ್‌ಬ್ಯಾಕೇ ತಪ್ಪನ್ನು ಬೆಳೆಸುತ್ತದೆ. ಆಗ ಕೈಯಲ್ಲಿರುವುದು ರೆಗ್ಯುಲೇಟರ್ ಅಲ್ಲ, ಆಸಿಲೇಟರ್.

ಪೋಲ್ ಎಲ್ಲಿ ಕೂತದ ಅಂತ ಲೆಕ್ಕಾ ಮಾಡೋದು ಹ್ಯಾಂಗ?

ಫ್ರೀಕ್ವೆನ್ಸಿ (ಹರ್ಟ್ಸ್) = 1 ÷ (6.28 × ಓಮ್ × ಫ್ಯಾರಡ್). ಝೀರೋಗೂ ಇದೇ ಸೂತ್ರ. ಪೋಲ್ ತಡ ಮಾಡಿದರೆ ಝೀರೋ ಆ ತಡವನ್ನು ವಾಪಸ್ ಕೊಡುತ್ತದೆ, ಇದೂ ಹೆಚ್ಚೆಂದರೆ 90 ಡಿಗ್ರಿ.

ಫೇಸ್ ಮಾರ್ಜಿನ್ ಎಷ್ಟಿರಬೇಕು?

ಲೂಪ್ ಗೇನ್ 1ಕ್ಕೆ ಇಳಿಯುವ ಜಾಗದಲ್ಲಿ 180 ಡಿಗ್ರಿ ತುಂಬಲು ಇನ್ನೂ ಎಷ್ಟು ಬಾಕಿ ಇದೆಯೋ ಅದು ಫೇಸ್ ಮಾರ್ಜಿನ್. 60 ಇದ್ದರೆ ನೆಮ್ಮದಿ, 45 ಸಾಕು, 30ಕ್ಕೆ ಇಳಿದರೆ ಲೋಡ್ ಬದಲಾದಾಗೆಲ್ಲ ಔಟ್‌ಪುಟ್ ನಾಲ್ಕಾರು ಸಲ ತೂಗಾಡುತ್ತದೆ. ಟೇಬಲ್ ಮೇಲೆ 20 ಡಿಗ್ರಿ ಮಾರ್ಜಿನ್ನಿನ ಬೋರ್ಡು ಕೂಡ ಸುಮ್ಮನೆ ಕೂತಿರುತ್ತದೆ. ಹೊಲದ ಶೆಡ್ಡಿನಲ್ಲಿ ಬಿಸಿ ಏರಿ, ಕೆಪಾಸಿಟರ್ ಹಳತಾದ ಮೇಲೆ ಅದರ ಬಣ್ಣ ಬಯಲಾಗುವುದು.

ಕಾಂಪೆನ್ಸೇಶನ್ ಅಂದ್ರ ಒಂದು ಸಣ್ಣ ಕೆಪಾಸಿಟರ್ ಹಚ್ಚೋದಷ್ಟೇನ?

ಬಹಳ ಸಲ ಹೌದು, ಆದರೆ ಜಾಗ ಮುಖ್ಯ. ಎಲ್ಲ ಪೋಲುಗಳಲ್ಲಿ ಒಂದನ್ನು ಬೇಕೆಂದೇ ತೀರ ಕೆಳಗಿನ ಫ್ರೀಕ್ವೆನ್ಸಿಗೆ ಎಳೆದು ಅದನ್ನೇ ಯಜಮಾನ ಮಾಡುತ್ತೇವೆ. ಎರಡನೇ ಪೋಲ್ ತಲೆ ಎತ್ತುವ ಮುಂಚೆಯೇ ಲೂಪ್ ಗೇನ್ 1ಕ್ಕಿಂತ ಕೆಳಗಿಳಿದಿರುತ್ತದೆ. ಗೇನ್ ಇರುವ ಹಂತದ ಔಟ್‌ಪುಟ್‌ನಿಂದ ಅದರ ತಲೆಕೆಳಗು ಮಾಡುವ ಇನ್‌ಪುಟ್‌ಗೆ ಕೆಪಾಸಿಟರ್ ಹಚ್ಚಿದರೆ ಅದು ತನ್ನ ಬೆಲೆಗಿಂತ ಗೇನ್‌ನಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ. ಮಿಲ್ಲರ್ ಪರಿಣಾಮ ಎನ್ನುವುದು ಇದನ್ನೇ. ಹಾಗಾಗಿ ಪಿಕೋಫ್ಯಾರಡ್‌ಗಳಲ್ಲೇ ಕೆಲಸ ಮುಗಿಯುತ್ತದೆ.

ಕಾಲೇಜು ಲ್ಯಾಬುಗಳಲ್ಲಿ ಇನ್ನೂ ಓಡುತ್ತಿರುವ ಎಲ್‌ಎಂ723 ರೆಗ್ಯುಲೇಟರ್ ಐಸಿಯಲ್ಲಿ ಇದನ್ನು ಕಣ್ಣಾರೆ ನೋಡಬಹುದು. 14 ಕಾಲಿನ ಪ್ಯಾಕೇಜಿನಲ್ಲಿ 13ನೇ ಕಾಲು ಕಾಂಪೆನ್ಸೇಶನ್, 4ನೇ ಕಾಲು ಇನ್ವರ್ಟಿಂಗ್ ಇನ್‌ಪುಟ್. ಇವೆರಡರ ನಡುವೆ 100 ಪಿಕೋಫ್ಯಾರಡ್. ಹೊರಗೆ 2ಎನ್3055 ಪಾಸ್ ಟ್ರಾನ್ಸಿಸ್ಟರ್ ಸೇರಿಸಿದರೆ ಅದರ ನಿಧಾನವೂ ಸುತ್ತಿಗೆ ಸೇರುತ್ತದೆ, ಆಗ 470 ಪಿಕೋ ಹಚ್ಚಿ. ಬ್ರೆಡ್‌ಬೋರ್ಡಿನಲ್ಲಿ ಈ ಕೆಪಾಸಿಟರ್ ಬಿಟ್ಟುಹೋಗಿ, "ಐಸಿ ಡೂಪ್ಲಿಕೇಟ್ ಐತಿ" ಎಂದು ಎಸೆದ 723ಗಳಿಗೆ ಲೆಕ್ಕವಿಲ್ಲ.

7805ಕ್ಕ ಯಾವ ಕೆಪಾಸಿಟರ್ ಹಚ್ಚಿದ್ರೂ ನಡೀತದ. ಎಲ್‌ಡಿಒಗಳಿಗೆ ಯಾಕ ಇಷ್ಟು ಹಠ?

7805 ಎಂಬ 5 ವೋಲ್ಟಿನ ರೆಗ್ಯುಲೇಟರ್ ಐಸಿಯ ಪಾಸ್ ಟ್ರಾನ್ಸಿಸ್ಟರ್ ಎನ್‌ಪಿಎನ್, ಔಟ್‌ಪುಟ್ ಅದರ ಎಮಿಟರ್‌ನಿಂದ ಬರುತ್ತದೆ. ಎಮಿಟರ್‌ನ ರೋಧ ತೀರ ಕಡಿಮೆ, ಆದ್ದರಿಂದ ಔಟ್‌ಪುಟ್ ಕೆಪಾಸಿಟರ್ ಅಲ್ಲಿ ಕಟ್ಟುವ ಪೋಲ್ ಮೇಲೆಲ್ಲೋ ಇರುತ್ತದೆ. ಯಜಮಾನ ಪೋಲ್ ಐಸಿಯ ಒಳಗೇ ಇದೆ. ಔಟ್‌ಪುಟ್ ಕೆಪಾಸಿಟರ್ ಇಲ್ಲದೆಯೂ ಅದು ಸ್ಥಿರ. 0.1 ಮೈಕ್ರೋಫ್ಯಾರಡ್ ಹಚ್ಚುವುದು ಲೋಡ್ ಥಟ್ಟನೆ ಬದಲಾದಾಗ ಸಹಾಯಕ್ಕೆ. ಇನ್‌ಪುಟ್ಟಿನ 0.33 ಮೈಕ್ರೋವನ್ನು ಮಾತ್ರ ಬಿಡಬೇಡಿ, ಫಿಲ್ಟರ್ ಕೆಪಾಸಿಟರ್ ದೂರದಲ್ಲಿದ್ದರಂತೂ ಬಿಡಲೇಬೇಡಿ. ಈ ಸರಳತನಕ್ಕೆ ಕೊಡುವ ಬೆಲೆ ಸುಮಾರು 2 ವೋಲ್ಟ್ ಡ್ರಾಪ್‌ಔಟ್, ಅಂದರೆ ಇನ್‌ಪುಟ್ ಔಟ್‌ಪುಟ್‌ಗಿಂತ ಕನಿಷ್ಠ ಅಷ್ಟು ಮೇಲಿರಬೇಕು.

ಎಲ್‌ಎಂ2940ಯಂಥ ಎಲ್‌ಡಿಒದಲ್ಲಿ (ಲೋ ಡ್ರಾಪ್‌ಔಟ್, ಅಂದರೆ ಡ್ರಾಪ್‌ಔಟ್ ಕಡಿಮೆ ಇರುವ ರೆಗ್ಯುಲೇಟರ್) ಪಾಸ್ ಟ್ರಾನ್ಸಿಸ್ಟರ್ ಪಿಎನ್‌ಪಿ, ಔಟ್‌ಪುಟ್ ಕಲೆಕ್ಟರ್‌ನಿಂದ. 1 ಆಂಪಿಯರ್‌ಗೂ ಡ್ರಾಪ್‌ಔಟ್ ಅರ್ಧ ವೋಲ್ಟಿನ ಆಸುಪಾಸು. ಆದರೆ ಕಲೆಕ್ಟರ್‌ನ ರೋಧ ದೊಡ್ಡದು, ಹಾಗಾಗಿ ಔಟ್‌ಪುಟ್ ಪೋಲನ್ನು ನಿರ್ಧರಿಸುವುದು ಹೆಚ್ಚುಕಡಿಮೆ ನಿಮ್ಮ ಲೋಡು. 5 ವೋಲ್ಟಿಗೆ ಅರ್ಧ ಆಂಪಿಯರ್ ಎಂದರೆ 10 ಓಮ್. 10 ಮೈಕ್ರೋಫ್ಯಾರಡ್ ಜೊತೆ ಪೋಲ್ 1.6 ಕಿಲೋಹರ್ಟ್ಸ್‌ನಲ್ಲಿ. ರಿಲೇ ಬಿಟ್ಟು ಲೋಡ್ 5 ಮಿಲಿಆಂಪಿಯರ್‌ಗೆ ಇಳಿದರೆ 1000 ಓಮ್, ಪೋಲ್ 16 ಹರ್ಟ್ಸ್‌ಗೆ ಬಂದು ಕೂರುತ್ತದೆ. ಐಸಿಯ ಒಳಗೆ ಇನ್ನೊಂದು ಪೋಲ್ ಇದ್ದೇ ಇದೆ. ಎರಡೂ ಸೇರಿ 180ರ ಹತ್ತಿರ ತಳ್ಳುತ್ತವೆ.

ಇಲ್ಲಿ ಕಾಪಾಡುವುದು ಕೆಪಾಸಿಟರ್‌ನ ಒಳರೋಧ, ಇಎಸ್‌ಆರ್. 10 ಮೈಕ್ರೋಗೆ 1 ಓಮ್ ಇಎಸ್‌ಆರ್ ಇದ್ದರೆ 16 ಕಿಲೋಹರ್ಟ್ಸ್‌ನಲ್ಲಿ ಝೀರೋ ಹುಟ್ಟಿ ಕಳೆದುಹೋದ ಡಿಗ್ರಿಗಳನ್ನು ತಂದುಕೊಡುತ್ತದೆ. ಅದೇ ಬೆಲೆಯ ಸೆರಾಮಿಕ್‌ನ ಇಎಸ್‌ಆರ್ 5 ಮಿಲಿಓಮ್ ಎಂದಿಟ್ಟುಕೊಳ್ಳಿ, ಝೀರೋ 3 ಮೆಗಾಹರ್ಟ್ಸ್ ದಾಟುತ್ತದೆ. ಅಷ್ಟರಲ್ಲಿ ಲೂಪಿನ ಕಥೆ ಮುಗಿದಿರುತ್ತದೆ. ಇನ್ನೊಂದು ತುದಿಯಲ್ಲಿ ಇಎಸ್‌ಆರ್ 10 ಓಮ್ ಆದರೆ ಝೀರೋ ತೀರ ಬೇಗ ಬಂದು ಲೂಪ್ ಗೇನ್ ಇಳಿಯಲು ಬಿಡುವುದಿಲ್ಲ, ಮೇಲಿನ ಫ್ರೀಕ್ವೆನ್ಸಿಯ ಪೋಲುಗಳೆಲ್ಲ ಎಚ್ಚರಗೊಳ್ಳುತ್ತವೆ. ಡೇಟಾಶೀಟಿನಲ್ಲಿ ಇಎಸ್‌ಆರ್‌ಗೆ ಕೆಳಮಿತಿಯೂ ಮೇಲ್ಮಿತಿಯೂ ಇರುವುದು ಇದಕ್ಕೇ. ಮೇಲಿನ 10 ಮೈಕ್ರೋ ಲೆಕ್ಕದ ಸುಲಭಕ್ಕೆ ಹಿಡಿದದ್ದು, ಎಲ್‌ಎಂ2940ಕ್ಕೆ ಕನಿಷ್ಠ 22 ಮೈಕ್ರೋ ಬೇಕು.

ಟ್ಯಾಂಟಲಮ್ ತುಟ್ಟಿ. 1117ಕ್ಕ ಸೆರಾಮಿಕ್ ಹಚ್ಚಿದ್ರ ಏನಾಗ್ತದ?

ಎಲ್‌ಎಂ1117ರ ಡೇಟಾಶೀಟ್ ಕೇಳುವುದು 10 ಮೈಕ್ರೋ ಟ್ಯಾಂಟಲಮ್, ಇಎಸ್‌ಆರ್ 0.3ರಿಂದ 22 ಓಮ್ ಒಳಗೆ. ಬರೀ ಸೆರಾಮಿಕ್ ಆ ಕೆಳಮಿತಿಯ ಹತ್ತಿರಕ್ಕೂ ಬರುವುದಿಲ್ಲ. ನಡೆಯಬಹುದು, ನಡೆಯದಿರಬಹುದು. ಮಾರುಕಟ್ಟೆಯ 1117ಗಳಲ್ಲಿ ಮೇಲಿನ ಗುರುತು ಒಂದೇ, ಒಳಗಿನ ಚಿಪ್ಪು ಬೇರೆ ಬೇರೆ. ಒಂದು ಲಾಟಿನಲ್ಲಿ ನಡೆದದ್ದು ಮುಂದಿನ ಲಾಟಿನಲ್ಲಿ ಕೈಕೊಡುತ್ತದೆ.

ಸೆರಾಮಿಕ್ಕೇ ಬೇಕೆಂದರೆ ಅದಕ್ಕೆ ಸರಣಿಯಲ್ಲಿ 0.47 ಓಮ್ ರೆಸಿಸ್ಟರ್ ಹಾಕಿ. 10 ಮೈಕ್ರೋ ಜೊತೆ ಝೀರೋ 34 ಕಿಲೋಹರ್ಟ್ಸ್‌ಗೆ ಬರುತ್ತದೆ. ಬೋರ್ಡಿನ ಮೇಲೆ ಹತ್ತು ಐಸಿಗೆ ಹತ್ತು 0.1 ಮೈಕ್ರೋ ಇದ್ದರೆ ಒಟ್ಟು 1 ಮೈಕ್ರೋ, ಚಿಂತೆಯಿಲ್ಲ. ಆದರೆ ವೈಫೈ ಮಾಡ್ಯೂಲಿನ ಕಾಲಬುಡಕ್ಕೆ ಇನ್ನೊಂದು 10 ಮೈಕ್ರೋ ಸೆರಾಮಿಕ್ ಕೂರಿಸಿದರೆ ಆ 0.47 ಓಮ್ ಹಾಕಿಯೂ ಹಾಕದಂತೆ. ಸೆರಾಮಿಕ್‌ಗೆಂದೇ ಮಾಡಿದ ಎಲ್‌ಡಿಒಗಳಿವೆ, ಡೇಟಾಶೀಟಿನಲ್ಲಿ ಹಾಗೆಂದು ಬರೆದಿರುತ್ತದೆ. ಹೊಸ ಬೋರ್ಡಿಗೆ ಅದೇ ಲೇಸು. ಆದರೂ ವೈ5ವಿ ಜಾತಿಯ ಕೆಪಾಸಿಟರ್ ಬೇಡ, ಬಿಸಿಗೂ ವೋಲ್ಟೇಜಿಗೂ ಅದರ ಬೆಲೆ ಕುಸಿಯುತ್ತದೆ. ಎಕ್ಸ್7ಆರ್ ತೆಗೆದುಕೊಳ್ಳಿ, ವೋಲ್ಟೇಜ್ ರೇಟಿಂಗ್ ದುಪ್ಪಟ್ಟು ಇರಲಿ.

ಮೂರು ವರ್ಷ ಚಲೋ ನಡೆದ ಬೋರ್ಡು ಈಗ ತಾನ ತಾನ ರೀಸೆಟ್ ಆಗ್ತದ.

ಮೊದಲು ಔಟ್‌ಪುಟ್ ಎಲೆಕ್ಟ್ರೋಲಿಟಿಕ್ ಬದಲಿಸಿ. ವಿಜಯಪುರದ ಬೇಸಿಗೆ 40 ಡಿಗ್ರಿ ದಾಟುತ್ತದೆ, ತಗಡಿನ ಶೆಡ್ಡಿನೊಳಗಿನ ಡಬ್ಬಿಯಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು. ಒಳಗಿನ ದ್ರವ ಆರುತ್ತ ಹೋದಂತೆ ಇಎಸ್‌ಆರ್ ಏರುತ್ತ ಮೇಲ್ಮಿತಿಯ ಕಡೆಗೆ ಹೋಗುತ್ತದೆ, ಕೆಪಾಸಿಟೆನ್ಸ್ ಇಳಿಯುತ್ತದೆ. ಮೀಟರಿನಲ್ಲಿ ಮೈಕ್ರೋಫ್ಯಾರಡ್ ಸರಿ ತೋರಿಸಿದರೆ ಸಾಲದು, ಇಎಸ್‌ಆರ್ ಮೀಟರ್ ಬೇಕು. 105 ಡಿಗ್ರಿಯದೇ ತನ್ನಿ, 85 ಡಿಗ್ರಿಯದಲ್ಲ. ಹೀಟ್‌ಸಿಂಕ್‌ಗೆ ಅಂಟಿಸಿ ಕೂರಿಸಬೇಡಿ.

ಒಂದು 12 ವೋಲ್ಟ್ 2 ಆಂಪಿಯರ್ ಸಪ್ಲೈ ನಾವಽ ಕಟ್ಟಬೇಕು. ಕಾಂಪೆನ್ಸೇಶನ್ ಸಮೇತ ಹೇಳ್ರಿ.

ಎರರ್ ಆಂಪ್ಲಿಫೈಯರ್‌ಗೆ ಎಲ್‌ಎಂ358 ಆಪ್‌ಆಂಪ್, ರೆಫರೆನ್ಸ್‌ಗೆ ಟಿಎಲ್431, ಪಾಸ್ ಟ್ರಾನ್ಸಿಸ್ಟರ್ 2ಎನ್3055, ಅದರ ಬೇಸ್ ನಡೆಸಲು ಬಿಡಿ139 ಟ್ರಾನ್ಸಿಸ್ಟರ್. ಇನ್‌ಪುಟ್ ಸುಮಾರು 18 ವೋಲ್ಟ್ ಡಿಸಿ, ರಿಪಲ್‌ನ ತಳದಲ್ಲೂ 16ಕ್ಕಿಂತ ಕೆಳಗಿಳಿಯಬಾರದು. ಎಲ್‌ಎಂ358ರ ಔಟ್‌ಪುಟ್ ತನ್ನ ಸಪ್ಲೈಗಿಂತ 1.5 ವೋಲ್ಟ್ ಕೆಳಗೇ ನಿಲ್ಲುತ್ತದೆ, ಎರಡು ಬೇಸ್-ಎಮಿಟರ್ ಸೇರಿ ಇನ್ನೂ 1.4 ತಿನ್ನುತ್ತವೆ.

ರೆಫರೆನ್ಸ್: ಇನ್‌ಪುಟ್‌ನಿಂದ 4.7 ಕಿಲೋಓಮ್ ಮೂಲಕ ಟಿಎಲ್431, ರೆಫ್ ಮತ್ತು ಕ್ಯಾಥೋಡ್ ಜೋಡಿಸಿ. ಸುಮಾರು 3.3 ಮಿಲಿಆಂಪಿಯರ್ ಹರಿದು 2.495 ವೋಲ್ಟ್ ಸಿಗುತ್ತದೆ. ಅದರ ಮೇಲೆ ನೇರವಾಗಿ 0.1 ಮೈಕ್ರೋ ಹಚ್ಚುವ ಚಟ ಬಿಡಿ: ಟಿಎಲ್431ರ ಒಳಗೂ ಒಂದು ಎರರ್ ಆಂಪ್ಲಿಫೈಯರ್ ಇದೆ, ನಡುವಣ ಬೆಲೆಯ ಕೆಪಾಸಿಟರ್ ಕಂಡರೆ ಅದೂ ಕುಣಿಯಬಲ್ಲದು. ಫಿಲ್ಟರ್ ಬೇಕಾದರೆ 1 ಕಿಲೋಓಮ್ ದಾಟಿದ ಮೇಲೆ 10 ಮೈಕ್ರೋ ಹಾಕಿ, ಅಲ್ಲಿಂದ ಆಪ್‌ಆಂಪ್‌ನ ಪ್ಲಸ್ ಇನ್‌ಪುಟ್‌ಗೆ ಒಯ್ಯಿರಿ.

ಡಿವೈಡರ್: ಮೇಲೆ 10 ಕಿಲೋಓಮ್, ಕೆಳಗೆ 2.2 ಕಿಲೋಓಮ್ ಮತ್ತು ಸರಣಿಯಲ್ಲಿ 1 ಕಿಲೋಓಮ್ ಪ್ರಿಸೆಟ್ (ತಿರುಗಿಸಿ ಬೆಲೆ ಬದಲಿಸುವ ರೆಸಿಸ್ಟರ್). ಔಟ್‌ಪುಟ್ 10.3ರಿಂದ 13.8 ವೋಲ್ಟ್‌ವರೆಗೆ ತಿರುಗುತ್ತದೆ. ಪ್ರಿಸೆಟ್ ಕೆಳಗೇ ಇರಲಿ. ದೂಳು ಹೊಕ್ಕು ಅದು ಬಿಟ್ಟುಕೊಂಡರೆ ಔಟ್‌ಪುಟ್ 2.5 ವೋಲ್ಟ್‌ಗೆ ಇಳಿಯುತ್ತದೆ, ಅಷ್ಟೇ. ಮೇಲಿಟ್ಟ ಪ್ರಿಸೆಟ್ ಬಿಟ್ಟುಕೊಂಡರೆ ಇನ್‌ಪುಟ್ ಪೂರ್ತಿ ಲೋಡಿನ ಮೇಲೆ ಬೀಳುತ್ತದೆ.

ಕಾಂಪೆನ್ಸೇಶನ್: ಎಲ್‌ಎಂ358ರ ಔಟ್‌ಪುಟ್‌ನಿಂದ ಮೈನಸ್ ಇನ್‌ಪುಟ್‌ಗೆ 1 ನ್ಯಾನೋಫ್ಯಾರಡ್. ಮೇಲಿನ 10 ಕಿಲೋಓಮ್ ಜೊತೆ ಸೇರಿ ಲೂಪ್ ಗೇನ್ 16 ಕಿಲೋಹರ್ಟ್ಸ್‌ನಲ್ಲಿ 1ಕ್ಕೆ ಇಳಿಯುತ್ತದೆ. ಡಿಸಿಗೆ ಕೆಪಾಸಿಟರ್ ಅಡ್ಡಿಯಾಗುವುದಿಲ್ಲ, ಆಪ್‌ಆಂಪ್‌ನ ಪೂರ್ತಿ ಗೇನ್ ಸಿಗುತ್ತದೆ. ಬಿಡಿ139ರ ಬೇಸ್‌ಗೆ 100 ಓಮ್, 2ಎನ್3055ರ ಬೇಸ್ ಮತ್ತು ಎಮಿಟರ್ ನಡುವೆ 220 ಓಮ್. ಔಟ್‌ಪುಟ್‌ಗೆ 47 ಮೈಕ್ರೋ ಸಾಮಾನ್ಯ ಎಲೆಕ್ಟ್ರೋಲಿಟಿಕ್, ಜೊತೆಗೆ 10 ಮಿಲಿಆಂಪಿಯರ್ ಯಾವಾಗಲೂ ಹರಿಯುವಂತೆ 1.2 ಕಿಲೋಓಮ್. 2 ಆಂಪಿಯರ್‌ಗೆ 2ಎನ್3055 ಸುಮಾರು 12 ವ್ಯಾಟ್ ಸುಡುತ್ತದೆ, ಹೀಟ್‌ಸಿಂಕ್‌ನಲ್ಲಿ ಜಿಪುಣತನ ಬೇಡ.

ಅದಕ್ಕ 1000 ಮೈಕ್ರೋ ಹಚ್ಚಿದೆ, ಇನ್ನೂ ಸ್ಮೂತ್ ಆಗ್ಲಿ ಅಂತ. ಉಲ್ಟಾ ಆತು.

ಆಗಲೇಬೇಕು. ಔಟ್‌ಪುಟ್ ಕೆಪಾಸಿಟರ್ ಇಲ್ಲಿ ಫಿಲ್ಟರ್ ಮಾತ್ರ ಅಲ್ಲ, ಲೂಪಿನ ಒಂದು ಭಾಗ. ಎಮಿಟರ್‌ನ ರೋಧ 26 ಮಿಲಿವೋಲ್ಟನ್ನು ಕರೆಂಟಿನಿಂದ ಭಾಗಿಸಿದಷ್ಟು; 10 ಮಿಲಿಆಂಪಿಯರ್‌ಗೆ 2.6 ಓಮ್. 1000 ಮೈಕ್ರೋ ಜೊತೆ ಪೋಲ್ 61 ಹರ್ಟ್ಸ್‌ಗೆ ಬಂತು. ಈಗ ಲೂಪ್ ಗೇನ್ 1 ಆಗುವುದು 1 ಕಿಲೋಹರ್ಟ್ಸ್ ಹತ್ತಿರ, ಅಲ್ಲಿ ಉಳಿದ ಮಾರ್ಜಿನ್ 3-4 ಡಿಗ್ರಿ. ಸಾಧಾರಣ ಎಲೆಕ್ಟ್ರೋಲಿಟಿಕ್ ಆಗಿದ್ದರೆ ಇಎಸ್‌ಆರ್ ಒಂದಿಷ್ಟು ವಾಪಸ್ ಕೊಡುತ್ತದೆ. ಕಾಸು ಹೆಚ್ಚು ಕೊಟ್ಟು ಲೋ-ಇಎಸ್‌ಆರ್ ತಂದಿದ್ದರೆ ಅದೂ ಇಲ್ಲ. ದೊಡ್ಡ ಕೆಪಾಸಿಟರ್‌ನ ಜಾಗ ರೆಗ್ಯುಲೇಟರ್‌ನ ಮುಂಚೆ. ಲೋಡಿನ ಕಡೆಯೇ ದೊಡ್ಡದು ಇರುತ್ತದೆಂದು ಗೊತ್ತಿದ್ದರೆ 1 ನ್ಯಾನೋ ಬದಲು 10 ನ್ಯಾನೋ ಹಾಕಿ ಲೂಪನ್ನು ನಿಧಾನ ಮಾಡಿ, ಮಿನಿಮಮ್ ಲೋಡ್ ಹೆಚ್ಚಿಸಿ. ಲೋಡ್ ಥಟ್ಟನೆ ಬಿದ್ದಾಗ ಔಟ್‌ಪುಟ್ ಸ್ವಲ್ಪ ಹೆಚ್ಚು ಕುಸಿಯುವುದನ್ನು ಒಪ್ಪಿಕೊಳ್ಳಬೇಕು.

2ಎನ್3055 ತೆಗೆದು ಪಿಎನ್‌ಪಿ ಹಾಕಿದ್ರ ಡ್ರಾಪ್‌ಔಟ್ ಕಡಿಮಿ ಆಗ್ತದಲ್ಲ?

ಆಗುತ್ತದೆ. ಆದರೆ ಪಿಎನ್‌ಪಿ ಸಿಗ್ನಲನ್ನು ತಲೆಕೆಳಗು ಮಾಡುತ್ತದೆ, ಆಪ್‌ಆಂಪ್‌ನ ಪ್ಲಸ್ ಮೈನಸ್ ಅದಲು-ಬದಲು ಮಾಡದಿದ್ದರೆ ಔಟ್‌ಪುಟ್ ಒಂದು ತುದಿಗೆ ಹೋಗಿ ಅಂಟಿಕೊಳ್ಳುತ್ತದೆ. ಮೇಲಿನ 1 ನ್ಯಾನೋ ಲೆಕ್ಕವೂ ರದ್ದು, ಎಲ್‌ಡಿಒದ ತಕರಾರೆಲ್ಲ ಮನೆಗೆ ಬರುತ್ತದೆ. ಒಂದೆರಡು ಬೋರ್ಡಿಗೆ ಈ ತಲೆಬೇನೆ ಬೇಡ.

ಸಂಜಿಮುಂದ ಪಂಪ್‌ಸೆಟ್ ಎಲ್ಲಾ ಚಾಲೂ ಆದ್ರ ಬೋರ್ಡು ತಪ್ಪು ಮಾಡ್ತದ. 7805 ಹಾಕೀನಲ್ಲ?

9 ವೋಲ್ಟ್ ಟ್ರಾನ್ಸ್‌ಫಾರ್ಮರ್, ಬ್ರಿಡ್ಜ್, 2200 ಮೈಕ್ರೋ, ಅರ್ಧ ಆಂಪಿಯರ್ ಎಂದುಕೊಳ್ಳಿ. 230 ವೋಲ್ಟ್ ಇದ್ದಾಗ ಪೀಕ್ 12.7, ಡಯೋಡುಗಳಿಗೆ 2 ಹೋಗಿ 10.7, ರಿಪಲ್ 2.3 ಕಳೆದರೆ ತಳ 8.4 ವೋಲ್ಟ್. 7805ಕ್ಕೆ 7 ಸಾಕು. ಲೈನ್ 180ಕ್ಕೆ ಇಳಿದರೆ ತಳ 5.7. ಎರರ್ ಆಂಪ್ಲಿಫೈಯರ್ ಪಾಸ್ ಟ್ರಾನ್ಸಿಸ್ಟರನ್ನು ಪೂರ್ತಿ ತೆರೆದು ಕೈಚೆಲ್ಲುತ್ತದೆ, ಲೂಪ್ ಕಡಿದುಹೋಗುತ್ತದೆ, 100 ಹರ್ಟ್ಸ್ ರಿಪಲ್ ನೇರವಾಗಿ ಮೈಕ್ರೋಕಂಟ್ರೋಲರ್‌ಗೆ ಹೋಗುತ್ತದೆ.

ಅದಕ್ಕಿಂತ ಕೆಟ್ಟದ್ದು ವೋಲ್ಟೇಜ್ ವಾಪಸ್ ಬರುವ ಕ್ಷಣ. ಬಾಗಿಲು ಪೂರ್ತಿ ತೆರೆದೇ ಇದೆ. ಆಂಪ್ಲಿಫೈಯರ್ ಆ ತುದಿಯಿಂದ ಇಳಿದು ಬರುವಷ್ಟರಲ್ಲಿ ಔಟ್‌ಪುಟ್ ಮೇಲೆ ಹಾರುತ್ತದೆ. ಕಾಂಪೆನ್ಸೇಶನ್ ಕೆಪಾಸಿಟರ್ ದೊಡ್ಡದಾದಷ್ಟೂ, ಲೋಡ್ ಹಗುರಾದಷ್ಟೂ ಈ ಹಾರು ಜಾಸ್ತಿ. 12 ವೋಲ್ಟ್ ಟ್ರಾನ್ಸ್‌ಫಾರ್ಮರ್ ಹಾಕಿದರೆ ಸಂಜೆ ಸರಿಹೋಗುತ್ತದೆ, ನಡುರಾತ್ರಿ 250 ಬಂದಾಗ 7805 ಐದು ವ್ಯಾಟ್‌ಗೂ ಹೆಚ್ಚು ಸುಡುತ್ತದೆ. ನಮ್ಮ ಆಯ್ಕೆ: 9 ವೋಲ್ಟ್ ಟ್ರಾನ್ಸ್‌ಫಾರ್ಮರ್ ಹಾಗೇ ಇರಲಿ, 2200 ತೆಗೆದು 4700 ಮೈಕ್ರೋ, 7805 ತೆಗೆದು ಎಲ್‌ಎಂ2940. 180 ವೋಲ್ಟಿನಲ್ಲೂ ತಳ 6.9 ಉಳಿಯುತ್ತದೆ. ಔಟ್‌ಪುಟ್ಟಿನ 0.1 ಮೈಕ್ರೋ ಜಾಗಕ್ಕೆ 22 ಮೈಕ್ರೋ ಹಾಕುವುದನ್ನು ಮರೆತರೆ ಮಾತ್ರ ಒಂದು ರೋಗ ಹೋಗಿ ಇನ್ನೊಂದು ಬಂದೀತು.

ಸ್ಕೋಪ್ ಇಲ್ಲ. ಕುಣೀತದೋ ಇಲ್ಲೋ ತಿಳಿಯೋದು ಹ್ಯಾಂಗ?

ಮಲ್ಟಿಮೀಟರಿನ ಎಸಿ ರೇಂಜ್ ನಂಬಬೇಡಿ, ಸಾಮಾನ್ಯ ಮೀಟರು ನೂರಾರು ಕಿಲೋಹರ್ಟ್ಸನ್ನು ನೋಡುವುದೇ ಇಲ್ಲ. ಲೋಡ್ ಇಲ್ಲದೆಯೂ ಐಸಿ ಬಿಸಿಯಾದರೆ ಅನುಮಾನಪಡಿ. ಡಿಸಿ ವೋಲ್ಟ್ ಒಂದಿಷ್ಟು ತಪ್ಪು ತೋರಿಸಿ, ಔಟ್‌ಪುಟ್ ತಂತಿ ಕೈಯಲ್ಲಿ ಹಿಡಿದರೆ ಬದಲಾದರೂ ಅದೇ. ಹಳೆಯ ಎಎಂ ರೇಡಿಯೋ ಇದ್ದರೆ ಧಾರವಾಡ ಆಕಾಶವಾಣಿಯ 765 ಕಿಲೋಹರ್ಟ್ಸ್ ಬಿಟ್ಟು ಖಾಲಿ ಜಾಗಗಳಲ್ಲಿ ಮುಳ್ಳು ತಿರುಗಿಸುತ್ತ ಬೋರ್ಡಿನ ಹತ್ತಿರ ಹಿಡಿಯಿರಿ. ಬೋರ್ಡು ಆನ್ ಮಾಡಿದಾಗಷ್ಟೇ ಸಿಳ್ಳೆ, ಸುಯ್ ಸದ್ದು ಬಂದರೆ ಸಿಕ್ಕಿಬಿತ್ತು.

ಸ್ಕೋಪ್ (ಆಸಿಲೋಸ್ಕೋಪ್) ಸಿಕ್ಕಿದರೆ 555 ಟೈಮರ್ ಐಸಿಯಿಂದ ಸುಮಾರು 200 ಹರ್ಟ್ಸ್, ಅದರಿಂದ ಐಆರ್‌ಎಫ್‌ಝಡ್44ಎನ್ ಮಾಸ್ಫೆಟ್, ಅದರ ಡ್ರೇನ್‌ಗೆ 10 ಓಮ್ 5 ವ್ಯಾಟ್ ರೆಸಿಸ್ಟರ್. 5 ವೋಲ್ಟ್ ಸಪ್ಲೈಗೆ ಅರ್ಧ ಆಂಪಿಯರ್ ಹಾಕಿ ತೆಗೆದು ಮಾಡಿ, ಔಟ್‌ಪುಟ್ಟನ್ನು ಎಸಿ ಕಪ್ಲಿಂಗ್‌ನಲ್ಲಿ 50 ಮಿಲಿವೋಲ್ಟ್ ಚೌಕಕ್ಕೆ ನೋಡಿ. 555ರ ಸಪ್ಲೈ ಬೇರೆ ಇರಲಿ, 12 ವೋಲ್ಟ್ ಇದ್ದರೆ ಮಾಸ್ಫೆಟ್ ಪೂರ್ತಿ ತೆರೆಯುತ್ತದೆ. ಪ್ರೋಬಿನ ಉದ್ದ ಮೊಸಳೆಬಾಯಿ ತಂತಿ ತೆಗೆದು ಗಿಡ್ಡ ಸ್ಪ್ರಿಂಗ್ ಗ್ರೌಂಡ್ ಹಾಕಿ, ಇಲ್ಲದಿದ್ದರೆ ಆ ತಂತಿಯ ಗುಂಯ್‌ಗುಡುವಿಕೆಯನ್ನೇ ರೆಗ್ಯುಲೇಟರ್‌ನದೆಂದು ತಿಳಿದು ಅರ್ಧ ದಿನ ಹಾಳಾಗುತ್ತದೆ. ಕುಸಿದು ಒಂದೆರಡು ತೂಗಿನಲ್ಲಿ ನಿಂತರೆ ಸರಿ, ಐದಾರು ತೂಗಿದರೆ ಮಾರ್ಜಿನ್ ಸಾಲದು. ಕಡಿಮೆ, ನಡುವಣ, ಪೂರ್ತಿ, ಮೂರೂ ಲೋಡಿನಲ್ಲಿ ನೋಡಿ. ಎಲ್‌ಡಿಒ ನಡುವಣ ಲೋಡಿನಲ್ಲೇ ಕೈಕೊಡುವುದುಂಟು.

ಮ್ಯಾಲಿನ ರೆಸಿಸ್ಟರ್‌ಗೆ ಸಣ್ಣ ಕೆಪಾಸಿಟರ್ ಜೋಡಿಸಿರ್ತಾರ. ಅದು ಯಾಕ?

ಅದು ಫೀಡ್‌ಫಾರ್ವರ್ಡ್. ಔಟ್‌ಪುಟ್‌ನ ವೇಗದ ಬದಲಾವಣೆಯನ್ನು ಡಿವೈಡರ್ ತಗ್ಗಿಸದೆ ನೇರ ಆಂಪ್ಲಿಫೈಯರ್‌ಗೆ ಮುಟ್ಟಿಸುತ್ತದೆ. ರೆಫರೆನ್ಸ್ 1.25, ಔಟ್‌ಪುಟ್ 5, ಮೇಲೆ 30 ಕಿಲೋಓಮ್, ಕೆಳಗೆ 10 ಕಿಲೋಓಮ್, ಕೆಪಾಸಿಟರ್ 100 ಪಿಕೋ ಇದ್ದರೆ ಝೀರೋ 53, ಪೋಲ್ 212 ಕಿಲೋಹರ್ಟ್ಸ್. ನಡುವೆ 106ರಲ್ಲಿ 37 ಡಿಗ್ರಿ ಲಾಭ. ಲೂಪ್ ಗೇನ್ 1 ಆಗುವ ಜಾಗ ಅಲ್ಲೇ ಹತ್ತಿರವಿದ್ದರೆ ಮಾತ್ರ ಉಪಯೋಗ. ಔಟ್‌ಪುಟ್ ರೆಫರೆನ್ಸ್‌ನಷ್ಟೇ ಇದ್ದರೆ ಸೊನ್ನೆ. ಮೇಲೆ ಕಟ್ಟಿದ ಎಲ್‌ಎಂ358 ಸಪ್ಲೈಗೆ ಇದನ್ನು ಕುರುಡಾಗಿ ಸೇರಿಸಬೇಡಿ, ಅಲ್ಲಿ 10 ಕಿಲೋಓಮ್ ಮತ್ತು 1 ನ್ಯಾನೋ ಸೇರಿಯೇ ವೇಗ ನಿಂತಿದೆ.

ಬೋರ್ಡಿನ ಮ್ಯಾಲೆ 5.00, ಲೋಡಿನ ಹತ್ರ 4.94. ರೆಗ್ಯುಲೇಟರ್ ಹೋತೇನ?

ಇಲ್ಲ. ಎರರ್ ಆಂಪ್ಲಿಫೈಯರ್ ತಾನು ನೋಡಿದ್ದನ್ನು ಮಾತ್ರ ತಿದ್ದುತ್ತದೆ. 1 ಚದರ ಮಿಲಿಮೀಟರ್ ತಾಮ್ರದ ತಂತಿ ಮೀಟರಿಗೆ ಸುಮಾರು 18 ಮಿಲಿಓಮ್. ಒಂದೂವರೆ ಮೀಟರ್ ಹೋಗಿ ಬರಲು 54. 1 ಆಂಪಿಯರ್‌ಗೆ 54 ಮಿಲಿವೋಲ್ಟ್ ಅಲ್ಲೇ ಹೋಯಿತು. ಡಿವೈಡರ್‌ನ ಎರಡೂ ತುದಿಯನ್ನು ಬೇರೆ ತಂತಿಯಲ್ಲಿ ಲೋಡಿನ ಟರ್ಮಿನಲ್‌ಗೆ ಒಯ್ದರೆ ಸರಿಹೋಗುತ್ತದೆ. ಔಟ್‌ಪುಟ್ ಹೊಂದಿಸಿಕೊಳ್ಳುವ ರೆಗ್ಯುಲೇಟರ್ ಎಲ್‌ಎಂ317ಕ್ಕೆ ಮಾತ್ರ ನಿಯಮ ಬೇರೆ: ಔಟ್ ಮತ್ತು ಅಡ್ಜಸ್ಟ್ ನಡುವಿನ 120 ಅಥವಾ 240 ಓಮ್ ರೆಸಿಸ್ಟರ್ ಐಸಿಯ ಕಾಲಿಗೇ ಅಂಟಿಕೊಂಡಿರಲಿ, ಕೆಳಗಿನ ರೆಸಿಸ್ಟರ್‌ನ ಗ್ರೌಂಡ್ ಮಾತ್ರ ಲೋಡಿನ ಹತ್ತಿರ ಹೋಗಲಿ. ಮೇಲಿನದನ್ನು ಲೋಡಿಗೆ ಒಯ್ದರೆ ತಂತಿಯ ಡ್ರಾಪ್ 1.25ರ ರೆಫರೆನ್ಸ್‌ಗೇ ಸೇರಿಕೊಂಡು, 5 ವೋಲ್ಟ್ ಔಟ್‌ಪುಟ್‌ನಲ್ಲಿ ನಾಲ್ಕು ಪಟ್ಟಾಗಿ ಕಾಣಿಸಿಕೊಳ್ಳುತ್ತದೆ.